ಮೂವತ್ತೆಂಟು ತಲೆಗಳಲ್ಲಿ ಹನ್ನೊಂದು ಕೂಸು

ಮಾನ್ಯ ಸಂಜೆ ತರಗತಿಗಳ ಜಿಲ್ಲಾ ಅಧಿಕಾರಿಗಳೇ,

ಸೋಮವಾರದಿಂದ ನಮ್ಮ ಕೇಂದ್ರದೊಳಗೆ ಕೈಗೂಸುಗಳನ್ನು ಬಿಡಕೂಡದೆಂಬ ತಮ್ಮ ಆದೇಶವನ್ನು ಹಿಂದಕ್ಕೆ ಪಡೆಯಬೇಕು. ಇದನ್ನೇ ತಮಿಳಿನಲ್ಲಿ ಎರಡು ಸಲ ಬರೆದೆ, ಉತ್ತರವಿಲ್ಲ. ತಮ್ಮದೂ ಕನ್ನಡ ಮನೆಯೆಂದು ಆಮೇಲೆ ತಿಳಿಯಿತು. ಹಾಗಾಗಿ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ನಾಲ್ಕು ಜನರ ಮುಂದೆ, ಮನೆಮಾತಿನಲ್ಲೇ ಕೇಳುತ್ತಿದ್ದೇನೆ.

ಎರಡು ತಿಂಗಳ ಹಿಂದೆ ತಾವು ಒಂದೇ ಲಕೋಟೆಯಲ್ಲಿ ಎರಡು ಕಾಗದ ಕಳಿಸಿದಿರಿ. ಆನೈಮಲೈ ಪಕ್ಕದ ನಮ್ಮ ಕೇಂದ್ರ ಹಾಜರಾತಿಯಲ್ಲಿ ಜಿಲ್ಲೆಗೇ ಮೊದಲು, ಅಭಿನಂದನೆಗಳು ಎಂದು ಒಂದು. ಓದಿನಲ್ಲಿ ಜಿಲ್ಲೆಗೇ ಕೊನೆ, ಕಾರಣ ತಿಳಿಸಿ ಎಂದು ಇನ್ನೊಂದು. ಮೊದಲನೆಯದನ್ನು ಗೋಡೆಗೆ ಅಂಟಿಸಿ ಕಾರಣ ಹುಡುಕಲು ಕುಳಿತೆ. ತಮ್ಮ ಆ್ಯಪ್ ತರಗತಿಯ ಫೋಟೋದಲ್ಲಿ ತಲೆ ಎಣಿಸುತ್ತದೆ. ಮೂವತ್ತೆಂಟು ತಲೆ ಸಿಕ್ಕವು. ಅವುಗಳಲ್ಲಿ ಹನ್ನೊಂದು, ಅಕ್ಕಂದಿರ ಕಂಕುಳಲ್ಲಿದ್ದ ಕೂಸುಗಳು. ಓದಿನ ಅಂಕಗಳನ್ನೂ ಅದು ಮೂವತ್ತೆಂಟರಿಂದಲೇ ಭಾಗಿಸಿದೆ. ಹನ್ನೊಂದು ವಿದ್ಯಾರ್ಥಿಗಳು ಒಂದಕ್ಷರವನ್ನೂ ಓದಲಿಲ್ಲವೆಂದು ವರದಿ. ನಿಜವೇ, ಸ್ವಾಮಿ. ಪರೀಕ್ಷೆಯ ಹೊತ್ತಿಗೆ ಇಬ್ಬರು ನಿದ್ದೆಯಲ್ಲಿದ್ದರು, ಒಬ್ಬ ಪ್ರಶ್ನೆಪತ್ರಿಕೆ ತಿನ್ನುತ್ತಿದ್ದ.

ಈ ತಪ್ಪನ್ನು ತಮಗೆ ತಿಳಿಸಿದೆ. ತಾವು ಲೆಕ್ಕ ತಿದ್ದಲಿಲ್ಲ, ಕೂಸುಗಳನ್ನೇ ಹೊರಗಿಡಲು ಹೊರಟಿರಿ. ಅವು ತಾವಾಗಿ ನಡೆದು ಬಂದಿದ್ದವೇ?

ಅಂಕಿಅಂಶವೆಂದರೆ ನನಗೆ ಆಗದು ಎಂದುಕೊಳ್ಳಬೇಡಿ. ಕೊಯಮತ್ತೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರವನ್ನೇ ಕಲಿಸಿದವಳು ನಾನು. ತಮ್ಮ ಆ್ಯಪ್ ಕೇಳದ ಒಂದು ಪ್ರಶ್ನೆಯನ್ನು ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: ಯಾರ ಕಂಕುಳಲ್ಲಿ ಕೂಸಿದೆ? ಹೊತ್ತು ಬಂದ ಹನ್ನೊಂದು ಮಂದಿಯಲ್ಲಿ ಒಬ್ಬ ಹುಡುಗನೂ ಇಲ್ಲ. ಅರ್ಧ ಗಂಟೆಯಲ್ಲಿ ಬರಿಗೈಯವರು ಮೂವತ್ತು ಸಾಲು ಓದಿದರೆ, ಈ ಹುಡುಗಿಯರು ಹನ್ನೆರಡು.

ಐದನೇ ತರಗತಿಯ ಧರಣಿಯನ್ನು ಕೇಳಿದೆ, ತಮ್ಮನನ್ನು ಮನೆಯಲ್ಲಿ ಬಿಟ್ಟು ಬರಬಾರದೇ ಎಂದು.

"ಯಾರ್ ಮಿಸ್ ನೋಡ್ಕೋತಾರೆ? ಅಮ್ಮ ನಾರು ಮಿಲ್ಲಿಂದ ಬರದೇ ಆರೂವರೆಗೆ. ತಂಬಿ ವೇಂಡಾಂ, ತಮ್ಮ ಬೇಡ ಅಂದ್ರೆ ನಾನೂ ಬರಕ್ಕಾಗಲ್ಲ," ಎಂದಳು. ಹೇಳುತ್ತಲೇ ಪುಸ್ತಕದ ಪುಟ ತಿರುವಿದಳು. ನಾನು ಅಂದೇ ಮಿಲ್ಲಿಗೆ ಹೇಳಿಕಳಿಸಿದೆ.

ಮರುದಿನ ಅದೇ ಮಿಲ್ಲಿನ ಕೆಲಸಗಾರ ಮಾರಪ್ಪನ್ ಬಂದು ತೊಲೆಗೆ ಮೂರು ಹಳೇ ಸೀರೆ ಕಟ್ಟಿ ತೊಟ್ಟಿಲು ಮಾಡಿಕೊಟ್ಟರು. ತೊಟ್ಟಿಲು ಹಿಡಿಸದವರು ಚಾಪೆಯ ಮೇಲೆ, ಊರಿನ ಅಜ್ಜಿ ಕನ್ನಿಯಮ್ಮಾಳ್ ಪಾಟಿಯ ಸುಪರ್ದಿಯಲ್ಲಿ. ಅವರಿಗೆ ಅಕ್ಷರ ಬಾರದು, ಆದರೆ ಅವರು ಗದರಿದರೆ ಇಡೀ ತರಗತಿ ಕೈಕಟ್ಟಿ ಕೂರುತ್ತದೆ. ಆರು ವಾರದಲ್ಲಿ ಹನ್ನೆರಡು ಸಾಲು ಇಪ್ಪತ್ತಾರಾಯಿತು. ಧರಣಿ ತೊಟ್ಟಿಲಿನ ಹಗ್ಗವನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ತೂಗುತ್ತಲೇ ಓದುತ್ತಾಳೆ. ಜಿಲ್ಲೆಯ ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಟ್ಟ ನೆನಪಿಲ್ಲ.

ಈಗ ತಮ್ಮ ಆದೇಶ ಜಾರಿಯಾದರೆ ಏನಾಗುತ್ತದೆಂದು ಲೆಕ್ಕ ಹಾಕಿದ್ದೇನೆ. ಕೂಸುಗಳು ಹೋಗುತ್ತವೆ. ಹೊತ್ತವರೂ ಹೋಗುತ್ತಾರೆ. ಉಳಿದ ಹದಿನಾರು ಮಂದಿ ಚೆನ್ನಾಗಿ ಓದುವವರು, ನಮ್ಮ ಸರಾಸರಿ ಥಟ್ಟನೆ ಏರುತ್ತದೆ. ತಮ್ಮ ಪರದೆಯ ಮೇಲೆ ನಾವು ಕೆಂಪಿನಿಂದ ಹಸಿರಾಗುತ್ತೇವೆ. ಇನ್ನೊಂದು ಪ್ರಶಸ್ತಿಪತ್ರವೂ ಬರಬಹುದು. ಧರಣಿ ಮನೆಯಲ್ಲಿರುತ್ತಾಳೆ.

ಆದ್ದರಿಂದ ಅಂಕಗಳನ್ನು ಇಪ್ಪತ್ತೇಳರಿಂದ ಭಾಗಿಸಿ. ಫಾರಮ್ಮಿನಲ್ಲಿ "ಜೊತೆಗೆ ಕೂಸಿದೆಯೇ" ಎಂಬ ಒಂದು ಕಾಲಂ ಸೇರಿಸಿ, ಇಡೀ ಜಿಲ್ಲೆಯಲ್ಲಿ ಎಷ್ಟು ಧರಣಿಯರಿದ್ದಾರೆಂದು ನೋಡಿ. ಅಂಥ ಪ್ರತಿ ಕೇಂದ್ರಕ್ಕೂ ಒಬ್ಬ ಪಾಟಿಯನ್ನು ನೇಮಿಸಿ. ಸೋಮವಾರ ಐದು ಗಂಟೆಗೆ ನಾನು ಎಂದಿನಂತೆ ಬಾಗಿಲು ತೆರೆದು, ಮೂವತ್ತೆಂಟು ತಲೆಗಳ ಫೋಟೋ ಕಳಿಸುತ್ತೇನೆ. ಈ ಸಲ ಆ್ಯಪ್ ಎಣಿಸುವುದು ಬೇಡ, ತಾವೇ ನೋಡಿ.

ಇಂತಿ, ತೊಟ್ಟಿಲು ತೂಗುತ್ತಲೇ ಬರೆದ,
ವನಮಾಲಾ
(ಜಿಲ್ಲೆಗೇ ಮೊದಲ ಹಾಗೂ ಜಿಲ್ಲೆಗೇ ಕೊನೆಯ ಶಿಕ್ಷಕಿ)