ಮಳೆಕಾಡಿನಲ್ಲಿ ನಾನು ನುಂಗಿದ ಮಾತು

ಪ್ರೀತಿಯ ಅಮಸಿದ್ದಪ್ಪ ಕಾಕಾ,

ಮುಧೋಳದಿಂದ ನಿನ್ನ ಅಣ್ಣನ ಮಗ ಹಾಲೇಶ ಬರೆಯುತ್ತಿದ್ದೇನೆ. ಎರಡು ಬಸ್ಸು ಹತ್ತಿಳಿದರೆ ನಿನ್ನ ಹುನ್ನೂರು, ಇವನಿಗೆ ಪತ್ರ ಬರೆಯುವ ರೋಗ ಯಾವಾಗ ಬಂತು ಎಂದು ನೀನು ನಗುತ್ತೀಯ. ಕಳೆದ ತಿಂಗಳಲ್ಲೇ ಮೂರು ಸಲ ಬಂದಿದ್ದೆ. ಪ್ರತಿ ಸಲವೂ ಈ ಮಾತು ಹೇಳಲೆಂದೇ ಬಂದು, ಕಾಕಿ ಕೊಟ್ಟ ಚಹಾ ಕುಡಿದು, ಕುರಿಗಳ ಕಾಲುಬೇನೆಯ ಬಗ್ಗೆ ಮಾತಾಡಿ ಎದ್ದು ಬಂದೆ. ಸಾಲಿ ಮಾಸ್ತರನಾದವನು ನಲವತ್ತು ಮಕ್ಕಳ ಮುಂದೆ ಬಾಯಿ ತೆರೆಯುತ್ತಾನೆ, ನಿನ್ನೊಬ್ಬನ ಮುಂದೆ ತೆರೆಯಲು ಆಗಲಿಲ್ಲ. ಆದ್ದರಿಂದ ಈ ಕಾಗದ. ನಿನ್ನ ಮೊಮ್ಮಗಳು ಪೂನಮ್ ಓದುತ್ತಾಳೆ. ಪೂನಮ್, ಒಂದು ಸಾಲನ್ನೂ ಬಿಡಬೇಡ. ಸಿಟ್ಟು ಬಂದರೆ ಓದಿ ಮುಗಿಸಿದ ಮೇಲೆ ಬೈದುಕೊ.

ಮೂರು ವರ್ಷದ ಹಿಂದಿನ ಬೇಸಿಗೆ ರಜೆ ನೆನಪಿದೆಯಲ್ಲ ಕಾಕಾ. ಕೇರಳದ ಬೆಟ್ಟದ ಮಳೆಕಾಡಿನಲ್ಲಿ ಕಾಡುಪ್ರಾಣಿಗಳ ಸಂಶೋಧನೆ, ನಲವತ್ತು ದಿನ ಸ್ವಯಂಸೇವಕರು ಬೇಕು ಎಂಬ ಜಾಹೀರಾತು ನೋಡಿ ನಾನು ಅರ್ಜಿ ಹಾಕಿದ್ದೆ. ಅದರ ಮುಖ್ಯಸ್ಥೆ ಶ್ರೀಲೇಖಾ ಮೇಡಂ ಫೋನಿನಲ್ಲಿ ಮಾತಾಡುವಾಗ ನಾನು ಸುಮ್ಮನಿರಲಾರದೆ, ನಮ್ಮ ಕಾಕಾ ಹಿಕ್ಕೆ ನೋಡಿಯೇ ಕುರಿಯ ವಯಸ್ಸು ಹೇಳುತ್ತಾನೆ ಎಂದೆ. ಹಾಗಾದರೆ ಅವರನ್ನೂ ಕರೆದುಕೊಂಡು ಬನ್ನಿ ಎಂದರು. ಅವರು ನೋಡಲು ಹೊರಟಿದ್ದು ಕಾಡುಕುರಿಯನ್ನು. ಹೆಸರಿನಲ್ಲಿ ಕುರಿ ಇದ್ದರೂ ಅದು ಜಿಂಕೆಯ ಜಾತಿ, ನಾಯಿಯ ಹಾಗೆ ಬೊಗಳುತ್ತದೆ ಎಂದು ಹೇಳಿದಾಗ ನೀನು ನಂಬಲೇ ಇಲ್ಲ. ಹಿಂಡನ್ನು ಮಗ ಗುರುಪಾದನಿಗೆ ಒಪ್ಪಿಸಿ, ಹೆಗಲಿಗೆ ಕಂಬಳಿ ಹಾಕಿಕೊಂಡು, ಮಿರಜದಲ್ಲಿ ನನ್ನ ಜೊತೆ ರೈಲು ಹತ್ತಿದೆ.

ಆ ಕಾಡನ್ನು ನೀನು ಮೊದಲ ದಿನವೇ ಬೈದೆ. "ಇಲ್ಲಿ ಬಿಸಲ ಎಲ್ಲಿ ಮಾರತಾರಲೇ, ಒಂದೀಟ ತರೂಣು" ಎಂದೆ. ಎಲೆಯಿಂದ ಎಲೆಗೆ ನೀರು ಇಳಿಯುತ್ತಲೇ ಇತ್ತು, ಜಿಗಣೆಗಳು ಕಾಲಿಗೆ ಹತ್ತುತ್ತಲೇ ಇದ್ದವು. ನಾನು ಕಾಲುಚೀಲದ ಮೇಲೆ ಕಾಲುಚೀಲ ಹಾಕಿ ಕುಣಿಯುತ್ತಿದ್ದರೆ ನೀನು ತಂಬಾಕು ನೀರು ಹಚ್ಚಿಕೊಂಡು ಆರಾಮಾಗಿ ನಡೆಯುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ಅಲ್ಲಿದ್ದ ಹನ್ನೊಂದು ಜನಕ್ಕೂ ನೀನು ಬೇಕಾದವನಾಗಿದ್ದೆ. ಮೇಡಂ ಬೆಳಿಗ್ಗೆ ನಿನ್ನ ಹಿಂದೆಯೇ ಹೊರಡುತ್ತಿದ್ದರು. ಅವರಿಗೆ ಕನ್ನಡ ಬಾರದು, ನಿನಗೆ ಇಂಗ್ಲಿಷ್ ಬಾರದು, ನಡುವೆ ನಾನು. ನಾನು ಹೇಳಿದ್ದೇ ಇಬ್ಬರಿಗೂ ಮಾತು.

ಹಳ್ಳದ ದಂಡೆಯ ಕೆಸರಿನಲ್ಲಿ ಮೂಡಿದ್ದ ಹೆಜ್ಜೆ ನೋಡಿ, ಇದು ಹೆಣ್ಣು, ಹಾಲುಣಿಸುತ್ತಿದೆ, ಮರಿ ಇಲ್ಲೇ ಎಲ್ಲೋ ಇದೆ ಎಂದವನು ನೀನು. ಮೇಡಂ ಒಂದು ಮರಕ್ಕೆ ಕ್ಯಾಮೆರಾ ಕಟ್ಟಿಸಿದರು. ಎರಡು ದಿನಕ್ಕೆ ತಾಯಿಯೂ ಮರಿಯೂ ಅದರಲ್ಲಿ ಬಂದವು. ಅಂದು ಮೇಡಂ ನಿನ್ನ ಎರಡೂ ಕೈ ಹಿಡಿದುಕೊಂಡು ಕುಲುಕಿದ್ದು, ನೀನು ನಾಚಿ ನನ್ನ ಹಿಂದೆ ಸರಿದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಆ ಚಿತ್ರಗಳನ್ನು ನಾಲ್ಕು ದಿನ ನೋಡಿ ನೀನೇ ನನಗೆ ಹೇಳಿದೆ: "ಇವು ನಮ್ಮ ಕುರಿ ಹಂಗ ಅಲ್ಲಪಾ. ಮರಿನ ಮುಚ್ಚಿಟ್ಟ ಮೇಯಾಕ ಹೋಗತಾವ, ತಾಸಿನ ಮ್ಯಾಲ ಬಂದ ಕುಡಿಸತಾವ." ಮರಿಯ ಹತ್ತಿರ ಯಾರೂ ಹೋಗಬಾರದು, ಮುಟ್ಟಲೇಬಾರದು ಎಂಬುದು ಅಲ್ಲಿಯ ಕಟ್ಟುನಿಟ್ಟು. ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಇನ್ನು ಮುಂದಿನದು ನಿನಗೆ ಗೊತ್ತಿಲ್ಲ ಕಾಕಾ.

ಹತ್ತೊಂಬತ್ತನೆಯ ದಿನ ನನ್ನ ರೇನ್‌ಕೋಟು ಮುಳ್ಳಿಗೆ ಸಿಕ್ಕಿ ಹರಿಯಿತು. ನೀನು ಕಂಬಳಿಯನ್ನು ನನ್ನ ತಲೆಯ ಮೇಲೆ ಕೊಪ್ಪೆ ಹಾಕಿ, ನಾನು ಈ ಮರದ ಬುಡಕ್ಕೆ ನಿಂತಿರುತ್ತೇನೆ, ನೀನು ಹೋಗಿ ಕ್ಯಾಮೆರಾ ನೋಡಿ ಬಾ ಎಂದೆ. ಹೋದೆ. ಮಳೆ ಜಡಿಯುತ್ತಿತ್ತು. ಮರದ ಬೇರುಗಳ ನಡುವೆ ಆ ಮರಿ ಮುದುಡಿ ಬಿದ್ದಿತ್ತು. ಒಂಟಿ. ಮೈಯೆಲ್ಲ ತೊಪ್ಪೆ, ಕಣ್ಣಿನ ಪಕ್ಕದಲ್ಲಿ ಎರಡು ಜಿಗಣೆ. ಗಲಗಲಿಯ ಹೊಲಗಳಲ್ಲಿ ಹಿಂಡು ನಿಲ್ಲಿಸಿದಾಗ ನಾನು ಏಳು ವರ್ಷದವನಿದ್ದೆ. ಹಾದಿಯಲ್ಲಿ ಈದ ಮರಿಯನ್ನು ಬಿಟ್ಟು ಬಂದೆನೆಂದು ನೀನು ನನ್ನನ್ನು ಎರಡು ಮೈಲಿ ಹಿಂದಕ್ಕೆ ನಡೆಸಿದ್ದೆ. "ನೆಲದಾಗಿನ ಮರಿ ಬಿಟ್ಟ ಬಂದಾವ ಬೀರಪ್ಪ ದೇವರಿಗೆ ಮಾರಿ ತೋರಸಬ್ಯಾಡ" ಎಂದಿದ್ದೆ. ಅದು ತಲೆಯಲ್ಲಿ ಇರುವುದಲ್ಲ ಕಾಕಾ, ಕೈಯಲ್ಲಿ ಇರುವುದು. ಯೋಚಿಸುವ ಮೊದಲೇ ಎತ್ತಿಕೊಂಡಿದ್ದೆ. ಜಿಗಣೆ ಕಿತ್ತೆ, ಕಂಬಳಿಯ ಸೆರಗಿನಿಂದ ಉಜ್ಜಿ ಒರೆಸಿದೆ, ಮೇಲಿನ ಬಂಡೆಯ ಕೆಳಗೆ ಒಣಗಿದ ಜಾಗದಲ್ಲಿ ಮಲಗಿಸಿದೆ. ಒಳ್ಳೆಯ ಕೆಲಸ ಮಾಡಿದೆ ಎಂದೇ ಹಿಂದಿರುಗಿದೆ. ಅರ್ಧ ದಾರಿಗೆ ಬಂದಾಗ, ಇವು ಮರಿಯನ್ನು ಮುಚ್ಚಿಟ್ಟು ಮೇಯಲು ಹೋಗುತ್ತವೆ ಎಂದು ನೀನು ಹೇಳಿದ್ದು ನೆನಪಾಯಿತು. ಆದರೂ ಹಿಂದಕ್ಕೆ ಹೋಗಲಿಲ್ಲ. ನೀನು ತೋಯ್ದು ನಿಂತಿದ್ದೆ, ಕಂಬಳಿ ನಿನಗೆ ಕೊಟ್ಟೆ, ಏನೂ ಹೇಳಲಿಲ್ಲ.

ಅದಾದ ಮೂರನೆಯ ದಿನ ಮರಿ ಅದೇ ಬಂಡೆಯ ಕೆಳಗೆ ಸತ್ತು ಸಿಕ್ಕಿತು. ತಾಯಿ ಹಳೆಯ ಜಾಗಕ್ಕೆ ಬಂದು ಬಂದು ಹುಡುಕಿದ್ದೆಲ್ಲ ಕ್ಯಾಮೆರಾದಲ್ಲಿತ್ತು. ಅದಕ್ಕೂ ಮುಂಚಿನ, ನಿನಗೆ ಯಾರೂ ತೋರಿಸದ ಒಂದು ಚಿತ್ರದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡ ಒಬ್ಬ ಮನುಷ್ಯ, ಬೆನ್ನು ಮಾತ್ರ. ಮರಿಯ ಮೈಮೇಲೆ ಕರಿ ಉಣ್ಣೆಯ ಎಳೆಗಳು. ಆ ಕಾಡಿನಲ್ಲಿ ಕಂಬಳಿ ಇದ್ದದ್ದು ನಿನ್ನೊಬ್ಬನ ಹತ್ತಿರ.

ಮೇಡಂ ನಮ್ಮಿಬ್ಬರನ್ನೂ ಕರೆಸಿದರು. ನೀವು ಮರಿಯನ್ನು ಎತ್ತಿದಿರಾ ಎಂದು ಅವರನ್ನು ಕೇಳಿ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ನಾನು ನಿನ್ನ ಕಡೆ ತಿರುಗಿ ಕೇಳಿದ್ದು ಅದಲ್ಲ. "ಕಾಕಾ, ನಮ್ಮೂರಾಗ ಒಂಟಿ ಮರಿ ಕಂಡ್ರ ಏನ ಮಾಡ್ತೀರಿ ಅಂತ ಮೇಡಂ ಕೇಳಾಕತ್ತಾರ" ಎಂದೆ.

ನಿನ್ನ ಮುಖ ಅರಳಿತು. ನೀನು ಎದ್ದು ನಿಂತು, ಬಗ್ಗಿ, ಇಲ್ಲದ ಮರಿಯನ್ನು ಎತ್ತಿ, ಕಂಬಳಿಯ ಸೆರಗಿನಿಂದ ಒರೆಸಿ, ಎದೆಗೆ ಅವುಚಿಕೊಂಡು, ಒಂದು ಮೂಲೆಯಲ್ಲಿ ಮೆಲ್ಲಗೆ ಮಲಗಿಸಿ ತೋರಿಸಿದೆ. ನಗುತ್ತಾ ತೋರಿಸಿದೆ. ಮೇಡಂ ನೋಡುತ್ತಿದ್ದರು, ಅವರ ಕಣ್ಣು ತುಂಬಿತು. ಅವರಿಗೆ ಅನುವಾದವೇ ಬೇಕಾಗಲಿಲ್ಲ. ಕೊನೆಗೆ ನೀನು ಕೈ ಒರೆಸಿಕೊಳ್ಳುತ್ತಾ ಹೇಳಿದೆ: "ಆದ್ರ ಇಲ್ಲಿ ಹಂಗ ಮಾಡಬಾರ್ದು ಅಂತ ಹೇಳ ಅವರಿಗೆ. ಇವುಗಳ ರೀತಿನ ಬ್ಯಾರೆ, ಮುಟ್ಟಿದ್ರ ಸಾಯತಾವ."

ಆ ಮಾತನ್ನು ನಾನು ಹೇಳಲಿಲ್ಲ ಕಾಕಾ. ನುಂಗಿಬಿಟ್ಟೆ.

ಮರುದಿನವೇ ನಿನ್ನನ್ನು ಊರಿಗೆ ಕಳಿಸಿದರು. ಮಳೆ ಜೋರಾಗುತ್ತದಂತೆ, ವಯಸ್ಸಾದವರು ಇರಬಾರದಂತೆ ಎಂದು ನಾನು ಹೇಳಿದ ಸುಳ್ಳನ್ನು ನೀನು ಹಾಗೇ ಒಪ್ಪಿಕೊಂಡೆ. ಜೀಪು ಹತ್ತುವ ಮೊದಲು, ಮೇಡಂ ಯಾವಾಗಲೂ ನಡುಗುತ್ತಾರೆಂದು ನಿನ್ನ ಕಂಬಳಿ ಮಡಚಿ ಅವರ ಮುಂದೆ ಹಿಡಿದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು. ನೀನು ಪೆಚ್ಚಾಗಿ ನನ್ನ ಕಡೆ ನೋಡಿ, "ತೊಳದಿದ್ದಿಲ್ಲ ನೋಡ, ಅದಕ್ಕ ಬ್ಯಾಸರಾತೇನೋ" ಎಂದೆ. ನಾನು ಹೂಂ ಎಂದೆ. ಉಳಿದ ದಿನ ಅಲ್ಲೇ ಇದ್ದು, ಪ್ರಮಾಣಪತ್ರ ತಂದು, ಚೌಕಟ್ಟು ಹಾಕಿಸಿ ಸಾಲಿಯ ಗೋಡೆಗೆ ತೂಗುಹಾಕಿದೆ. ಮಕ್ಕಳಿಗೆ ಕಾಡಿನ ಕತೆ ಹೇಳಿ ಚಪ್ಪಾಳೆ ತಟ್ಟಿಸಿಕೊಂಡೆ. ನನಗೇ ನನ್ನ ಮುಖ ನೋಡಲು ಹೇಸಿಗೆಯಾಗುತ್ತದೆ.

ಮೂರು ವರ್ಷದಿಂದ ಬೇಸಿಗೆ ಬಂತೆಂದರೆ ನೀನು ಮೇಡಂ ಅವರನ್ನು ನೆನೆದು ಕೇಳುತ್ತೀಯ, ಈ ಸಲ ಅಕ್ಕಾರು ಕರೀತಾರೇನು ಎಂದು. ನಾನು ನೋಡೋಣ ಎನ್ನುತ್ತೇನೆ. ಕಳೆದ ತಿಂಗಳು ಪೂನಮ್ ಜಮಖಂಡಿಯ ಕಾಲೇಜಿನಿಂದ ಮನೆಗೆ ಬಂದು ಫೋನು ಮಾಡಿದಳು. ಆ ಸಂಶೋಧನೆಯ ವರದಿ ಅವಳಿಗೆ ಸಿಕ್ಕಿತ್ತು. ಅದರಲ್ಲಿ ಅಡುಗೆಯವನ ಹೆಸರೂ ಇದೆ, ಅಜ್ಜನ ಹೆಸರು ಏಕಿಲ್ಲ ಎಂದು ಕೇಳಿದಳು. ನಾನು ತಡವರಿಸುತ್ತಿರುವಾಗ ಪಕ್ಕದಿಂದ ನಿನ್ನ ದನಿ ಕೇಳಿಸಿತು: "ಮರತಿರಬೇಕ ಬಿಡು, ಅಕ್ಕಾರಿಗೆ ನೂರಾ ಎಂಟ ಕೆಲಸ." ನೀನು ಅವರ ಪರವಾಗಿ ಮಾತಾಡಿದೆ.

ಅಂದು ರಾತ್ರಿಯೇ ನಾನು ಮೇಡಂಗೆ ಎಲ್ಲವನ್ನೂ ಬರೆದೆ. ಎಂಟು ದಿನ ಉತ್ತರವಿಲ್ಲ. ಒಂಬತ್ತನೆಯ ದಿನ ಫೋನು ಬಂತು. ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ಅಂದು ನಿಮ್ಮ ಚಿಕ್ಕಪ್ಪ ಕೊನೆಗೆ ಏನೋ ಹೇಳಿದರು, ನೀವು ಅದನ್ನು ಇಂಗ್ಲಿಷಿಗೆ ತರಲಿಲ್ಲ, ಅದೇನು? ಮೂರು ವರ್ಷ ಅವರೂ ಅದನ್ನು ಮರೆತಿರಲಿಲ್ಲ. ನಾನು ಹೇಳಿದೆ. ಅವರು, ನಿಮ್ಮ ಚಿಕ್ಕಪ್ಪನ ಊರಿನ ದಾರಿ ತಿಳಿಸಿ ಎಂದರು.

ಬರುವ ಭಾನುವಾರ ಅವರು ಹುನ್ನೂರಿಗೆ ಬರುತ್ತಿದ್ದಾರೆ ಕಾಕಾ. ನಿನ್ನ ಹತ್ತಿರ ಕ್ಷಮೆ ಕೇಳಬೇಕಂತೆ, ವರದಿಯಲ್ಲಿ ನಿನ್ನ ಹೆಸರು ಸೇರಿಸುತ್ತಾರಂತೆ. ಅವರದೇನೂ ತಪ್ಪಿಲ್ಲ, ಅವರ ಮೇಲೆ ಸಿಟ್ಟು ಮಾಡಬೇಡ. ನಾನೂ ಬರುತ್ತೇನೆ, ಆದರೆ ನಿಮ್ಮಿಬ್ಬರ ನಡುವೆ ಕೂರುವುದಿಲ್ಲ, ಹೊರಗೆ ಕಟ್ಟೆಯ ಮೇಲೆ ಇರುತ್ತೇನೆ. ಅವರ ಮಾತು ನಿನಗೆ, ನಿನ್ನ ಮಾತು ಅವರಿಗೆ ಪೂನಮ್ ಹೇಳಲಿ. ಪೂನಮ್, ಅಜ್ಜ ನನ್ನ ಬಗ್ಗೆ ಏನು ಹೇಳಿದರೂ ಅದನ್ನು ಪೂರ್ತಿ ಹೇಳು. ಒಂದು ಮಾತನ್ನೂ ಉಳಿಸಿಕೊಳ್ಳಬೇಡ.

ನಿನ್ನ ಹಿಂಡನ್ನೂ ನಿನ್ನನ್ನೂ ಬೀರಪ್ಪ ಚೆನ್ನಾಗಿ ಕಾಯಲಿ. ಆಶೀರ್ವಾದ ಕೇಳುವ ಮುಖ ನನಗಿಲ್ಲ, ಭಾನುವಾರ ನೀನಾಗಿ ಒಳಗೆ ಕರೆದರೆ ಬರುತ್ತೇನೆ.

ನಿನಗೆ ತಪ್ಪು ಮಾಡಿದ,
ಹಾಲೇಶ