ಉಳಿದ ಬೀಜದ ಪ್ರಶ್ನೆ

ಹುಬ್ಬಳ್ಳಿ
೧೨ ಅಕ್ಟೋಬರ್ ೧೯೩೪

ಪ್ರೀತಿಯ ಶಾಂತಯ್ಯಣ್ಣನವರಿಗೆ, ಶರಣು.

ಇಲ್ಲಣ್ಣ, ನೀವು ಬರೆದದ್ದನ್ನು ನಾನು ಒಪ್ಪುವುದಿಲ್ಲ. "ಸಭಾದಾಗ ಯಾರರ ಅಡ್ಡ ಪ್ರಶ್ನಿ ಕೇಳಿದ್ರ ಮಂದೀನ್ನ ನಗಿಸಿಬಿಡೋ ಕುಬೇರಾ, ಪ್ರಶ್ನಿ ಅಲ್ಲೇ ಸಾಯ್ತೈತಿ" ಅಂದಿರಲ್ಲ, ಅದು ಸಾಯುವುದಿಲ್ಲ. ಕೇಳಿದವರ ಹಿಂದೆಯೇ ಮನೆಗೆ ಹೋಗುತ್ತದೆ.

ನಿಮ್ಮ ಪತ್ರ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡಿ. ಎರಡು ಸಲ ಬರೆಯಲು ಕುಳಿತು ಕಾಗದ ಹರಿದು ಹಾಕಿದೆ.

ಬೀಜದ ಸಂಘದಲ್ಲಿ ನೀವು ಬಿಟ್ಟ ಕೆಲಸ ನನಗೆ ಸಿಕ್ಕಾಗ ಎಷ್ಟು ಕುಣಿದಿದ್ದೆ! ಊರೂರು ತಿರುಗುವುದು, ಜೋಳದ ತೆನೆ ಕಪ್ಪಾಗುವ ಕಾಡಿಗೆ ರೋಗದ ಬಗ್ಗೆ ಹೇಳುವುದು, ಬಿತ್ತುವ ಮೊದಲು ಬೀಜವನ್ನು ಮೈಲುತುತ್ತದ ನೀಲಿ ನೀರಿನಲ್ಲಿ ಅದ್ದಿ ತೋರಿಸುವುದು. ಮ್ಯಾಟ್ರಿಕ್ ದಾಟದವನಿಗೆ ಮಾಸ್ತರ ಎನ್ನುವ ಮರ್ಯಾದೆ ಬೇರೆ.

ಹತ್ತು ದಿನದ ಹಿಂದೆ ಶಿರಗುಪ್ಪಿಯ ಚಾವಡಿಯಲ್ಲಿ ಸಭೆ. ನಮ್ಮ ಸಾಹೇಬರು ಖುರ್ಚಿಯಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಒಬ್ಬ ಮುದುಕ ಎದ್ದ.

"ತಮ್ಮಾ, ನಮ್ಮಪ್ಪ ತುತ್ತ ಹಚ್ಚದ ಬಿತ್ತಿದಾ. ಬೆಳೀಲಿಲ್ಲೇನು?"

"ಬೆಳೀತಲ್ರಿ ಅಜ್ಜಾ, ಅರ್ಧಾ ಬರೇ ಕಾಡಿಗಿ! ಊರ ಹೆಣ್ಮಕ್ಕಳ ಕಣ್ಣಿಗೆಲ್ಲಾ ಹಚ್ಚಿದ್ರೂ ಉಳೀತಿತ್ತು."

ಚಾವಡಿಯೇ ನಕ್ಕಿತು. ಅಜ್ಜನೂ ನಕ್ಕ. ನನಗೆ ಅಮಲೇರಿತು. ಆಗ ಹೆಂಗಸರ ಕಡೆಯಿಂದ ಒಬ್ಬಳು ಮೆಲ್ಲಗೆ ಕೇಳಿದಳು. "ಬಿತ್ತಿ ಉಳದದ್ದು ಬೀಸಿದ್ರ ರೊಟ್ಟಿಗೆ ನಡೀತೈತೇನ್ರಿ?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಸಾಹೇಬರ ಮುಂದೆ ಬಾಯಿ ಬರಲಿಲ್ಲ. ನಿಮ್ಮ ಮಾತು ನೆನಪಾಯಿತು.

"ಹೊಟ್ಟಿ ತುಂಬ ತಿನ್ನವ್ವಾ! ನಿನ್ನ ಹೊಟ್ಟ್ಯಾಗೇನು ಕಾಡಿಗಿ ರೋಗ ಬರೂದಿಲ್ಲ!"

ಸಾಹೇಬರೂ ನಕ್ಕರು. ಅವಳು ಬಾಯಿಗೆ ಸೆರಗು ಹಿಡಿದು ಕುಳಿತುಬಿಟ್ಟಳು.

ಮರುದಿನ, ಸಂಘ ನನಗೆ ಕೊಟ್ಟಿದ್ದ ಸೂಚನೆಯ ಕಾಗದವನ್ನು ಪೂರ್ತಿ ಓದಿದೆ. ಕೊನೆಯ ಸಾಲು ಹೀಗಿತ್ತು: ಅದ್ದಿದ ಬೀಜ ವಿಷ, ಮನುಷ್ಯರೂ ದನಗಳೂ ತಿನ್ನಬಾರದು. ಅಂದೇ ಶಿರಗುಪ್ಪಿಗೆ ಓಡಬೇಕಿತ್ತು. ತಪ್ಪು ಹೇಳಿದೆನೆಂದು ಸಾಹೇಬರಿಗೆ ತಿಳಿದರೆ ಕೆಲಸ ಹೋಗುತ್ತದೆಂದು ಹೆದರಿ ಕುಳಿತೆ. ಯಾರು ತಿನ್ನುತ್ತಾರೆ ಬಿಡು ಎಂದು ದಿನಾ ನನಗೆ ನಾನೇ ಹೇಳಿಕೊಂಡೆ.

ಈಗ ತಾನೇ ಚಕ್ಕಡಿಯ ಮೆಹಬೂಬ ಬಂದಿದ್ದ. ಶಿರಗುಪ್ಪಿಯಿಂದ ಶೇಂಗಾ ಹೇರಿಕೊಂಡು ಬಂದವನು, ನೀರು ಕುಡಿಯುತ್ತ ನಗುತ್ತ ಹೇಳಿದ. "ಬಿತ್ತಿಗಿ ಮುಗೀತ್ರಿ ಮಾಸ್ತರ. ಅವತ್ತ ನೀವು ನಗಸಿದ್ರಲ್ಲ, ಆ ಹೆಣ್ಮಗಳ ಮನ್ಯಾಗ ಒಂದ ಬುಟ್ಟಿ ಬೀಜ ಉಳದೈತಿ. ನೀಲಿ ಹೋಗೂಮಟಾ ತೊಳದು ಒಣಾ ಹಾಕ್ಯಾಳ. ಸಂಜಿಗೆ ಬೀಸ್ತಾಳಂತ. ಮಾಸ್ತರಽ ತಿನ್ನು ಅಂದಾರ ಅಂತಾಳ."

ತೊಳೆದರೆ ನೀಲಿ ಹೋಗುತ್ತದೆ. ವಿಷವೂ ಹೋಗುತ್ತದೆಯೇ ಅಣ್ಣಾ? ಕಾಗದದಲ್ಲಿ ಅದಿಲ್ಲ. ಹನ್ನೆರಡಕ್ಕೆ ಸಾಹೇಬರ ಟಾಂಗಾ ಬರುತ್ತದೆ, ಉಣಕಲ್ಲಿನಲ್ಲಿ ಇವತ್ತು ಸಭೆ. ನಾನಿರದಿದ್ದರೆ ನಾಳೆಯಿಂದ ಕೆಲಸವಿಲ್ಲ.

ಮನೆಯಲ್ಲಿ ಅವ್ವನವರ ಪಾದಕ್ಕೆ ನನ್ನ ಶರಣು ಹೇಳಿ. ನಿಮ್ಮ ಆಶೀರ್ವಾದ ಎಂದಿಗಿಂತ ಇವತ್ತು ಬೇಕು.

ನಿಮ್ಮ ತಮ್ಮನಂಥ
ಕುಬೇರಪ್ಪ

ತಾಜಾ ಕಲಂ: ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದೆ. ಒಂದು ಮಾತು ಮುಚ್ಚಿಟ್ಟಿದ್ದೇನೆ. ಪ್ರಶ್ನೆ ಕೇಳಿದವಳು ನನ್ನ ಒಡಹುಟ್ಟಿದ ಅಕ್ಕ ಶರಣವ್ವ. ಶಿರಗುಪ್ಪಿಗೆ ಕೊಟ್ಟಿದ್ದೇವಲ್ಲ, ಅವಳೇ. ಹುಟ್ಟಿದಾಗಿನಿಂದ ನನ್ನನ್ನು "ಏ ಕುಬ್ಯಾ" ಎಂದೇ ಕರೆದವಳು ಅಂದು ನಾಲ್ಕು ಜನರ ಮುಂದೆ ತಮ್ಮನ ಮಾನ ಇರಲೆಂದು "ರಿ" ಹಚ್ಚಿ ಕೇಳಿದಳು. ಬರುವಾಗ ದಾರಿಯಲ್ಲಿ ಸಾಹೇಬರು ಕೇಳಿದರು. "ಯಾರೋ ಆಕಿ? ನಿಮ್ಮ ಪೈಕಿ ಏನು?" ನಾನು ಅಂದೆ, "ಅಲ್ರಿ ಸಾಹೇಬ್ರ, ಯಾರೋ ಗೊತ್ತಿಲ್ರಿ."

ಬೇರೆ ಯಾರು ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ. ಅವಳ ಮಗನಿಗೆ ಮೂರು ವರ್ಷ. ಮೊದಲ ರೊಟ್ಟಿ ಯಾವಾಗಲೂ ಅವನಿಗೇ.

ಟಾಂಗಾದ ಗೆಜ್ಜೆ ಓಣಿಯ ತುದಿಯಲ್ಲಿ ಕೇಳುತ್ತಿದೆ. ಈ ಸಾಲನ್ನು ಹೊಸ್ತಿಲಿನಾಚೆ ನಿಂತು, ಗೋಡೆಗೆ ಕಾಗದ ಒತ್ತಿ ಬರೆಯುತ್ತಿದ್ದೇನೆ. ಹಿತ್ತಲ ಸಂದಿಯಿಂದ ಶಿರಗುಪ್ಪಿಯ ದಾರಿ ಹಿಡಿಯುತ್ತೇನೆ. ಓಡಿದರೆ ಬೀಸುವುದರೊಳಗೆ ಮುಟ್ಟಬಹುದು. ಬಾಗಿಲು ಹಾಕಿದ್ದೇನೆ.