ಗ್ಲೇಬನ ಕೈಗಳ ಎತ್ತರ

ಪೆರ್ಮ್,
9 ಫೆಬ್ರವರಿ 1986

ನನ್ನ ಮುದ್ದು ಉಲ್ಯಾ,

ನಿನ್ನ ಮೂರು ಪತ್ರಗಳಿಗೆ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಬೇಕಾದಷ್ಟು ಬೈದುಕೋ, ಆದರೆ ಕೊನೆಯವರೆಗೂ ಓದು. ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ನೋವು ಎನ್ನುತ್ತಲೇ ನಾಲ್ಕನೇ ಮಹಡಿಗೆ ಆಲೂಗಡ್ಡೆ ಚೀಲ ಹೊತ್ತು ತರುತ್ತಾಳೆ.

ಪ್ರಾಗ್‌ನ ಜೋಡಿ ಸ್ಕೇಟಿಂಗ್‌ನಲ್ಲಿ ನೀನೂ ಗ್ಲೇಬನೂ ಗೆದ್ದದ್ದನ್ನು ಟಿವಿಯಲ್ಲಿ ನೋಡಿದೆವು. ಅವನು ನಿನ್ನನ್ನು ಮೇಲಕ್ಕೆ ಎಸೆದಾಗ ಅಮ್ಮ ಮುಖ ಮುಚ್ಚಿಕೊಂಡಳು. "ಹಿಡಿದನೇನೇ? ಬೇಗ ಹೇಳೇ!" "ಹಿಡಿದ ಕಣಮ್ಮಾ, ಕಣ್ಣು ಬಿಡು." ಪಕ್ಕದ ಮನೆಯ ಫಾಯಿನಾ ಅತ್ತೆಗೆ ಬೇರೆಯದೇ ಚಿಂತೆ: "ಈ ಹುಡುಗಿ ಹೊಟ್ಟೆಗೆ ಏನಾದ್ರೂ ತಿಂತಾಳೋ, ಬರೀ ಗಾಳಿ ಕುಡೀತಾಳೋ? ಹತ್ತಿ ಥರ ಹಾರ್ತಾಳಲ್ಲೇ!"

ನಾನೀಗ ನಮ್ಮ ಹಳೇ ಐಸ್ ರಿಂಕ್‌ನಲ್ಲೇ ಪುಟ್ಟ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತೇನೆ. ಬೆಳಿಗ್ಗೆ ಅವರು ಬರುವ ಮೊದಲು ಒಬ್ಬಳೇ ಒಂದು ಸುತ್ತು ಹೋಗುತ್ತೇನೆ. ಐಸ್ ಮೇಲೆ ಮೊಣಕಾಲೆತ್ತರಕ್ಕೆ ಮಂಜು ನಿಂತಿರುತ್ತದೆ, ನನ್ನ ಪಾದಗಳೇ ನನಗೆ ಕಾಣುವುದಿಲ್ಲ. ಕುರ್ಚಿಗಳು, ದೀಪಗಳು ತೇಲಿಹೋಗುತ್ತಿವೆ, ನಾನು ನಿಂತಲ್ಲೇ ಇದ್ದೇನೆ ಅನ್ನಿಸುತ್ತದೆ. ಕಣ್ಣು ಮುಚ್ಚಿದರೆ ಸೊಂಟದ ಮೇಲೆ ಎರಡು ಕೈಗಳು. ಚಾವಣಿ ಮೆಲ್ಲಗೆ ಹತ್ತಿರ ಬರುತ್ತದೆ. ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಆ ಕೈಗಳ ಮೇಲಿಂದ ಆ ಚಾವಣಿಯನ್ನು ನೋಡಿದವರು ನಾವಿಬ್ಬರೇ.

ಒಂಬತ್ತು ವರ್ಷ ಗ್ಲೇಬನ ಜೋಡಿಯಾಗಿದ್ದೆ. ಹದಿನೇಳನೇ ವಯಸ್ಸಿನ ಬೇಸಿಗೆಯಲ್ಲಿ ಆರು ಸೆಂಟಿಮೀಟರ್ ಬೆಳೆದೆ. ರಜೆ ಮುಗಿಸಿ ಬಂದ ದಿನ ನನ್ನನ್ನು ಎತ್ತಿದ ಗ್ಲೇಬನ ತೋಳು ನಡುಗಿತು. "ಸ್ವಲ್ಪ ಸುಸ್ತು ಕಣೇ, ನಾಳೆ ನೋಡೋಣ" ಎಂದು ಅವನು ಎಷ್ಟು ಮೃದುವಾಗಿ ಇಳಿಸಿದನೆಂದರೆ, ನನಗೆ ಅರ್ಥವಾಗಿಹೋಯಿತು. ನಮ್ಮ ತರಬೇತುದಾರರಾದ ಕ್ಲಾವ್ದಿಯಾ ಪೆತ್ರೋವ್ನಾ ಚಹಾ ತಂದುಕೊಟ್ಟು, "ನಿನ್ನ ತಪ್ಪೇನಿಲ್ಲಮ್ಮ. ಆದ್ರೆ ಅವನ ಭುಜ ಹೋದ್ರೆ ಇಬ್ಬರ ಕಥೇನೂ ಮುಗೀತು" ಎಂದರು. ಕಿರಿಯರ ಜೊತೆ ಸ್ಕೇಟ್ ಮಾಡುತ್ತಿದ್ದ ನಿನ್ನನ್ನು ಅವರು ನನ್ನ ಜಾಗಕ್ಕೆ ಕರೆದಾಗ ನಿನಗೆ ಹದಿಮೂರು. "ಅಕ್ಕಾ, ಬರಲ್ಲ ಅಂತ ಹೇಳ್ಲಾ?" ಎಂದು ಬಾಗಿಲಲ್ಲಿ ನಿಂತು ಕೇಳಿದೆ. "ಹೋಗೇ ಹುಚ್ಚಿ" ಎಂದೆ.

ಮುಂದಿನ ತಿಂಗಳು ಲೆನಿನ್‌ಗ್ರಾಡ್‌ನ ಪಂದ್ಯ. ಬೆಚ್ಚಗಿರು, ಹೊಟ್ಟೆ ತುಂಬ ತಿನ್ನು. ಐಸ್ ನಿನ್ನ ಕಾಲಿಗೆ ಒಲಿಯಲಿ, ಗ್ಲೇಬನ ತೋಳುಗಳು ಗಟ್ಟಿಯಾಗಿರಲಿ.

ನಿನ್ನ ಅಕ್ಕ,
ಅಗ್ನಿಯಾ

ಮತ್ತೆ ಒಂದು ಮಾತು: "ಅಕ್ಕ ತನ್ನ ಜಾಗವನ್ನು ನನಗೆ ಬಿಟ್ಟುಕೊಟ್ಟಳು" ಎಂದು ಪತ್ರಿಕೆಯವರಿಗೆ ಹೇಳಿದ್ದೀಯ. ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಕ್ಲಾವ್ದಿಯಾ ಪೆತ್ರೋವ್ನಾ ಬೇರೆ ಹುಡುಗಿಯನ್ನು ನೋಡಿಟ್ಟಿದ್ದರು. ನಿನ್ನ ಹೆಸರು ಹೇಳಿದವಳು ನಾನೇ. ಅಟ್ಟದ ಏಣಿ ಇಳಿಯಲೂ ನೀನು ಅಳುತ್ತಿದ್ದೆ. ವಾರದಲ್ಲೇ ಹೆದರಿ ಬಿಟ್ಟುಬರುತ್ತೀಯ, ಗ್ಲೇಬ್ ಮತ್ತೆ ನನ್ನನ್ನೇ ಕೇಳುತ್ತಾನೆ ಅಂದುಕೊಂಡಿದ್ದೆ. ಆರನೇ ದಿನ ನೀನು ಅಳುವುದನ್ನು ನೋಡಲೆಂದೇ ರಿಂಕ್‌ಗೆ ಬಂದು ಕುರ್ಚಿಗಳ ಹಿಂದೆ ಅಡಗಿ ಕೂತೆ. ಅವನು ನಿನ್ನನ್ನು ಎತ್ತಿದ. ನೀನು ಮೇಲಿನಿಂದ ನಗುತ್ತಾ ಕೂಗಿದೆ: "ಅಕ್ಕಾ, ಯಾಕೆ ಬಗ್ಗಿ ಕೂತಿದ್ದೀಯಾ? ಇಲ್ಲಿಂದ ಎಲ್ಲಾ ಕಾಣುತ್ತೆ!"

ಅಂದಿನಿಂದ ನಿನ್ನ ಒಂದು ಪಂದ್ಯಕ್ಕೂ ಬಂದಿಲ್ಲ. ಕೆಲಸವಿದೆ ಎಂದದ್ದೆಲ್ಲ ಸುಳ್ಳು. ಇದನ್ನು ಓದಿಯೂ ಬಾ ಎಂದರೆ, ಲೆನಿನ್‌ಗ್ರಾಡ್‌ಗೆ ಬರುತ್ತೇನೆ.